ಫಿಶ್ ಪ್ಲಾಂಟಿಗೆ ಭಾಷಾ ನಿಯಮ ಬರೆಯಬೇಕಾಗಿದೆ, ಗೊತ್ತಿದ್ದವರು ಹೇಳಿ

ಕಾಳಿ ಅಳಿವೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಕಾರವಾರ–ಅಂಕೋಲೆ ನಡುವಿನ ಒಂದು ಫಿಶ್ ಪ್ಲಾಂಟಿನಲ್ಲಿ ಕಚೇರಿ ಕೆಲಸ ನೋಡಿಕೊಳ್ಳುತ್ತೇನೆ. ಈಗ ಬೋಟುಗಳೆಲ್ಲ ದಡದಲ್ಲಿವೆ. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುತ್ತದೆ, ಆಗಸ್ಟ್ 1ರಿಂದ ಮತ್ತೆ ಕೆಲಸ. ಅಷ್ಟರೊಳಗೆ "ನಮ್ಮಲ್ಲಿ ಅಧಿಕೃತ ಭಾಷೆ ಯಾವುದು ಅಂತ ಒಂದು ಹಾಳೆ ಬರೆದುಕೊಡು" ಎಂದು ಸಾಹುಕಾರರು ಹೇಳಿದ್ದಾರೆ.

ನಮ್ಮಲ್ಲಿ ಹತ್ತಿರ ಹತ್ತಿರ 70 ಜನ. ಶೆಟ್ಲಿ (ಸಿಗಡಿ) ಸುಲಿಯುವ, ಬಂಗಡೆ ವಿಂಗಡಿಸುವ ಹೆಂಗಸರು ಅಕ್ಕಪಕ್ಕದ ಊರಿನವರು. ಹೆಚ್ಚಿನವರ ಮನೆಮಾತು ಕೊಂಕಣಿ, ನಾಲ್ಕೈದು ಜನರದ್ದು ಹಾಲಕ್ಕಿ ಒಕ್ಕಲಿಗರ ಕನ್ನಡ. ಫ್ರೀಜರ್ ಮತ್ತು ಲೋಡಿಂಗಿನ ಹುಡುಗರು ಒಡಿಶಾ, ಝಾರ್ಖಂಡದವರು. ಕಂಪ್ರೆಸರ್ ನೋಡುವ ಇಬ್ಬರು ಕೇರಳದವರು. ಕಚೇರಿಯಲ್ಲಿ ಕನ್ನಡ, ಹೊರದೇಶಕ್ಕೆ ಹೋಗುವ ಕಾಗದ ಪೂರ್ತಿ ಇಂಗ್ಲಿಷ್.

ನಿಯಮದ ಮಾತು ಬಂದದ್ದು ಎರಡು ಕಾರಣಕ್ಕೆ. ತಪಾಸಣೆಗೆ ಬಂದವರು ಫ್ರೀಜರಿನ ತಾಪಮಾನದ ಪುಸ್ತಕ ತೆರೆದರೆ ಹಗಲಿನ ಶಿಫ್ಟು ಕನ್ನಡದಲ್ಲಿ, ರಾತ್ರಿಯದ್ದು ಮಲಯಾಳಂನಲ್ಲಿ, ನಡುವೆ ಎರಡು ವಾರ ಹಿಂದಿಯಲ್ಲಿ ಇತ್ತು. ಎರಡನೆಯದು, ಸುಲಿಯುವ ಹೆಂಗಸರು ಕೊಂಕಣಿಯಲ್ಲಿ ತನ್ನನ್ನೇ ಆಡಿಕೊಳ್ಳುತ್ತಾರೆ ಎಂದು ಹೊಸ ಸೂಪರ್‌ವೈಸರು ದೂರು ಕೊಟ್ಟರು. ಹಾಗಾಗಿ ನನಗೆ ಕೊಟ್ಟ ಮೊದಲ ಸಾಲು ಹೀಗಿದೆ: "ಕೆಲಸದ ವೇಳೆಯಲ್ಲಿ ಕನ್ನಡ ಅಥವಾ ಇಂಗ್ಲಿಷಿನಲ್ಲಿ ಮಾತ್ರ ಮಾತನಾಡತಕ್ಕದ್ದು."

ಟೈಪು ಮಾಡಿದೆ, ಪ್ರಿಂಟ್ ತೆಗೆಯಲು ಕೈ ಬರಲಿಲ್ಲ. ನನ್ನ ಮನೆಮಾತೂ ಕೊಂಕಣಿಯೇ. ಕನ್ನಡ ಶಾಲೆಯಲ್ಲಿ ಕಲಿತವಳು, ಕನ್ನಡದಲ್ಲೇ ಬರೆಯುತ್ತೇನೆ, ಎರಡರಲ್ಲಿ ಯಾವುದೂ ನನಗೆ ಹೊರಗಿನದಲ್ಲ. ಹೇಗೆ ಬರೆಯಲಿ?

ತಾಂಡೇಲನ ಮಗ (ಮುದಗಾ)

ಅಕ್ಕಾ, ಕಾಗದ ಯಾಕೆ ಬೇಕು? ದೊಡ್ಡ ಬಲೆಯ ಪರ್ಸಿನ್ ಬೋಟಿನಲ್ಲಿ 25–30 ಜನ ಇರ್ತಾರೆ, ಅರ್ಧ ಹೊರಗಿನವರು. ಬೋಟು ನಡೆಸುವ ತಾಂಡೇಲ ಕೊಂಕಣಿಯಲ್ಲಿ ಕೂಗ್ತಾನೆ, ಬಲೆ ಎಳೆಯುವ ಖಲಾಶಿಗಳು ಹಿಂದಿಯಲ್ಲಿ ಉತ್ತರ ಕೊಡ್ತಾರೆ, ಬಲೆ ಮೇಲೆ ಬರ್ತದೆ. ಎಲ್ಲರಿಗೂ ಅಷ್ಟಿಷ್ಟು ಬರುವುದು ಹಿಂದಿ. ಹಿಂದಿ ಅಂತ ಬರೆದು ಮುಗಿಸಿ.

ಕನ್ನಡ ಮೊದಲು (ಹೊನ್ನಾವರ)

ಹಿಂದಿ ಅಂತ ಬರೆದು ಮುಗಿಸುವುದಾದರೆ 1956ರಲ್ಲಿ ನಾವು ಇತ್ತ ಬಂದದ್ದು ಯಾಕೆ? 1862ರಿಂದ ಈ ಜಿಲ್ಲೆ ಮುಂಬಯಿ ಪ್ರಾಂತ್ಯದ ಕೈಯಲ್ಲಿತ್ತು. ಕನ್ನಡದವರು ಒಂದೇ ಆಡಳಿತಕ್ಕೆ ಸೇರಬೇಕು ಎಂದು ಹಿಂದಿನವರು ದುಡಿದದ್ದಕ್ಕೆ ನವೆಂಬರ್ 1 ಬಂತು. ಕರ್ನಾಟಕದ ನೆಲದ ಪ್ಲಾಂಟಿನಲ್ಲಿ ಕನ್ನಡ ಇರಬೇಕು. ನಿಮ್ಮ ಸಾಹುಕಾರರು ಬರೆದ ಮೊದಲ ಸಾಲಿನಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಇಂಗ್ಲಿಷ್ ಒಂದನ್ನು ತೆಗೆದರೆ ಸಾಕು.

ನಿವೃತ್ತ ಗುಮಾಸ್ತ (ಕಾರವಾರ)

ಕಾರವಾರದಲ್ಲೇ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ 31 ವರ್ಷ ಇದ್ದವನು. ಈ ಊರಿನಲ್ಲಿ ನೌಕಾನೆಲೆ, ಕೈಗಾ ಅಣುಸ್ಥಾವರ, ಕೊಂಕಣ ರೈಲ್ವೆ ಎಲ್ಲ ಇರುವುದರಿಂದ ರಾಜಭಾಷೆಯ ವಿಷಯ ಇಲ್ಲಿನ ಅನೇಕರಿಗೆ ಪರಿಚಿತ, ಆದರೆ ಅರ್ಧ ಮಾತ್ರ ಪರಿಚಿತ. ಒಂದೆರಡು ಸಂಗತಿ ಸ್ಪಷ್ಟ ಮಾಡುತ್ತೇನೆ.

ಹಿಂದಿ ರಾಷ್ಟ್ರಭಾಷೆಯಲ್ಲ. ಸಂವಿಧಾನದ 343ನೇ ವಿಧಿ ಅದನ್ನು ಕೇಂದ್ರದ ಆಡಳಿತ ಭಾಷೆ ಎನ್ನುತ್ತದೆ, ಅಷ್ಟೇ. 1976ರ ರಾಜಭಾಷಾ ನಿಯಮಗಳು ದೇಶವನ್ನು ಮೂರು ವಲಯ ಮಾಡಿವೆ. ಕರ್ನಾಟಕ, ಗೋವಾ ಎರಡೂ 'ಸಿ' ವಲಯ, ಮಹಾರಾಷ್ಟ್ರ 'ಬಿ' ವಲಯ. ಕೇಂದ್ರದ ಕಚೇರಿಯಿಂದ 'ಸಿ' ವಲಯದ ರಾಜ್ಯಕ್ಕಾಗಲಿ ಅಲ್ಲಿನ ಸಾಮಾನ್ಯರಿಗಾಗಲಿ ಪತ್ರ ಹೋಗುವುದು ಇಂಗ್ಲಿಷಿನಲ್ಲಿ. ಫಲಕದಲ್ಲಿ ಮೊದಲು ಕನ್ನಡ, ಆಮೇಲೆ ಹಿಂದಿ, ಆಮೇಲೆ ಇಂಗ್ಲಿಷ್. ಕಾರವಾರ ಸ್ಟೇಷನ್ನಿನ ಬೋರ್ಡು ನೋಡಿ. ಇದು ಯಾವುದೂ ಖಾಸಗಿ ಫಿಶ್ ಪ್ಲಾಂಟಿಗೆ ಅನ್ವಯಿಸುವುದಿಲ್ಲ.

ಆದರೆ ಆ ನಿಯಮಗಳಲ್ಲಿ ನನಗೆ ಯಾವಾಗಲೂ ಸರಿ ಅನ್ನಿಸಿದ ಒಂದು ಅಂಶವಿದೆ. ಹಿಂದಿಯಲ್ಲಿ ಬಂದ ಪತ್ರಕ್ಕೆ ಹಿಂದಿಯಲ್ಲೇ ಉತ್ತರ ಹೋಗಬೇಕು. ಬರೆದವನು ಭಾಷೆ ಆರಿಸುತ್ತಾನೆ, ಅನುವಾದದ ಹೊರೆ ಕಚೇರಿಯದ್ದು. ಸಂವಿಧಾನದ 350ನೇ ವಿಧಿಯೂ ಇದೇ ದಾರಿಯದ್ದು. ಕಷ್ಟ ಹೇಳಿಕೊಳ್ಳುವವರು ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅರ್ಜಿ ಕೊಡಬಹುದು. ತಂಗಿ, ನೀವು ಬರೆಯುವ ಹಾಳೆಯಲ್ಲಿ ಇದೊಂದು ಬರಲಿ: ದೂರು ಯಾವ ಭಾಷೆಯಲ್ಲಿ ಬಂದರೂ ತೆಗೆದುಕೊಳ್ಳಬೇಕು.

ತೋಟಪಟ್ಟಿ (ಶಿರಸಿ)

ನಾನು ಘಟ್ಟದ ಮೇಲಿನವನು. ಅಡಿಕೆ ವ್ಯಾಪಾರದ ಒಂದು ಸಹಕಾರಿ ಸಂಘದಲ್ಲಿ ಕೆಲ ವರ್ಷ ಲೆಕ್ಕ ಬರೆದಿದ್ದೇನೆ. ನಮ್ಮಲ್ಲಿ ಎಲ್ಲರೂ ಕನ್ನಡದವರು, ಭಾಷೆಯ ತಕರಾರೇ ಇಲ್ಲ ಎಂದು ತಿಳಿದಿದ್ದೆ. ಇತ್ತು.

ಆಡಳಿತ ಮಂಡಳಿಯ ಸಭೆ ಕನ್ನಡದಲ್ಲಿ ಶುರುವಾಗುತ್ತಿತ್ತು. ಹತ್ತು ನಿಮಿಷ ಆಗುವಷ್ಟರಲ್ಲಿ ಮಾತು ಹವ್ಯಕ ಕನ್ನಡಕ್ಕೆ ಜಾರುತ್ತಿತ್ತು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಮನೆಯ ಮಾತು ತಾನಾಗಿ ಬರುತ್ತದೆ, ನನಗೂ ಬರುತ್ತಿತ್ತು. ವಖಾರಿ (ಗೋದಾಮು) ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದವರು. ಚಾಲಿ ಅಡಿಕೆಯನ್ನೂ ರಾಶಿ ಅಡಿಕೆಯನ್ನೂ ಕೈಯಲ್ಲಿ ಹಿಡಿದೇ ದರ್ಜೆ ಹೇಳುತ್ತಿದ್ದರು, ಅವರಷ್ಟು ಮಾಲು ತಿಳಿದವರು ನಮ್ಮಲ್ಲಿ ಇರಲಿಲ್ಲ. ಸಭೆಯಲ್ಲಿ ಮಾತ್ರ ಸುಮ್ಮನೆ ಕೂರುತ್ತಿದ್ದರು. ಒಂದು ದಿನ ಚಹಾ ಕುಡಿಯುವಾಗ ಹೇಳಿದರು, "ಶಬ್ದ ಎಲ್ಲ ಅರ್ಥ ಆಗ್ತದೆ ಹೆಗಡೇರೆ, ಆದ್ರೆ ನಡುವೆ ನಾನು ಬಾಯಿ ಹಾಕೂದು ಹೆಂಗೆ ಅಂತ ಗೊತ್ತಾಗೂದಿಲ್ಲ." ನನಗೆ ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ.

ಆಮೇಲೆ ಸಭೆಯ ಅಧ್ಯಕ್ಷತೆ ವಹಿಸಿದವರು ಒಂದು ಪದ್ಧತಿ ತಂದರು. ನಿರ್ಣಯ ಆಗುವ ಮೊದಲು ಅದನ್ನು ಎಲ್ಲರ ಕನ್ನಡದಲ್ಲಿ ಒಮ್ಮೆ ಹೇಳಿ, ಮೇಜಿನ ಸುತ್ತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುವುದು. ಹವ್ಯಕ ಮಾತಾಡಬೇಡಿ ಎಂದು ಯಾರಿಗೂ ಹೇಳಲಿಲ್ಲ. ವಖಾರಿಯವರು ಕೇಳಿದ ಮೊದಲ ಪ್ರಶ್ನೆಯೇ ತೂಕದ ಕಡಿತದ ಬಗ್ಗೆ, ಮತ್ತು ಅದು ಸಂಘಕ್ಕೆ ಉಪಯೋಗವಾಯಿತು.

'ಕನ್ನಡ ಮೊದಲು' ಅವರೇ, ಕನ್ನಡ ಎಂದು ಬರೆದ ಮಾತ್ರಕ್ಕೆ ಎಲ್ಲರೂ ಒಳಗೆ ಬಂದರು ಅಂತ ಆಗುವುದಿಲ್ಲ. ಅದನ್ನು ಹೇಳಲು ಇಷ್ಟು ಬರೆದೆ.

ಐಸ್ ಪ್ಲಾಂಟ್ ಫಿಟ್ಟರ್ (ಅಂಕೋಲೆ)

ಇಲ್ಲಿ ಯಾರೂ ಫ್ರೀಜರ್ ತಂಪು ಮಾಡುವ ವಿಷಾನಿಲ ಅಮೋನಿಯದ ಬಗ್ಗೆ ಮಾತಾಡಲಿಲ್ಲ. ಅಕ್ಕ, ನಿಮ್ಮ ಪ್ಲಾಂಟಿನಲ್ಲಿ ಅಮೋನಿಯ ಲೈನು ಇದ್ದರೆ ಈ ಹಾಳೆಯ ಮೊದಲ ಸಾಲು ಅದರದ್ದೇ ಆಗಬೇಕು.

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಜಾಗದಲ್ಲಿ ನಡೆದದ್ದು. ಅಮೋನಿಯ ಲೈನಿನೊಳಗೆ ಸೇರಿದ ಎಣ್ಣೆ ತೆಗೆಯುವ ಕೆಲಸ ನಡೆಯುತ್ತಿತ್ತು. ಲೈನಿನ ಹತ್ತಿರ ಹೊಸ ಹುಡುಗ, ಝಾರ್ಖಂಡದವನು, ಬಂದು ಮೂರು ವಾರ. ಅವನು ವಾಲ್ವಿಗೆ ಕೈ ಇಟ್ಟದ್ದನ್ನು ಕಂಡು ಆಪರೇಟರು ಗಾಬರಿಯಿಂದ ಕೂಗಿದರು: "ಬಿಡು! ಬಿಡು!" ಮುಟ್ಟಬೇಡ, ಕೈ ತೆಗಿ ಅಂತ ಅವರ ಅರ್ಥ. ಆ ಹುಡುಗ ಮೂರು ವಾರದಲ್ಲಿ ಕಲಿತ ಕನ್ನಡ ಏನು? "ನೀರು ಬಿಡು", "ಗಾಡಿ ಬಿಡು". ಬಿಡು ಅಂದರೆ ತೆರೆಯುವುದು. ಪೂರ್ತಿ ತಿರುಗಿಸಿಬಿಟ್ಟ.

ದ್ರವ ಅಮೋನಿಯ ಮೈನಸ್ 33 ಡಿಗ್ರಿಗೆ ಕುದಿಯುತ್ತದೆ. ಹೊರಗೆ ಬಿದ್ದ ಕೂಡಲೇ ಬಿಳಿ ಹೊಗೆಯ ಹಾಗೆ ನೆಲ ಹಿಡಿದು ಹರಡಿತು. ನಾನೇ ಒದ್ದೆ ಗೋಣಿ ಮುಖಕ್ಕೆ ಕಟ್ಟಿಕೊಂಡು ಹಿಂದಿನ ವಾಲ್ವು ಮುಚ್ಚಿದೆ. ಇವತ್ತು ಹಾಗೆ ಮಾಡಲಾರೆ, ಯಾರೂ ಮಾಡಬಾರದು, ಮುಖವಾಡ ಇಲ್ಲದೆ ಒಳಗೆ ಹೋಗಲೇಬಾರದು. ಪಕ್ಕದ ಕೋಣೆಯ ಇಬ್ಬರು ಹೆಂಗಸರನ್ನು ಆಸ್ಪತ್ರೆಗೆ ಒಯ್ದೆವು. ಬದುಕಿದರು. ಒಬ್ಬರಿಗೆ ಮುಂದೆ ಎಷ್ಟೋ ತಿಂಗಳು ಮೆಟ್ಟಿಲು ಹತ್ತಿದರೆ ಕೆಮ್ಮು.

ಹುಡುಗನಿಗೆ ಬೈದರು, ಕೆಲಸದಿಂದ ತೆಗೆದರು. ನಾನು ಆಗ ಸುಮ್ಮನಿದ್ದೆ. ಅವನ ತಪ್ಪು ಇರಲಿಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಅನುವಾದ ಒಂದೇ ಪರಿಹಾರ ಅಲ್ಲ. ಹಿಂದಿಯ 'ಛೋಡೋ' ನೋಡಿ, ಕೊಂಕಣಿಯ 'ಸೋಡ' ನೋಡಿ, ಎರಡಕ್ಕೂ ಬಿಡುವಿನ ಹಾಗೆಯೇ ಎರಡು ಅರ್ಥ. ಹಿಂದಿಯಲ್ಲಿ ಕೂಗಿದ್ದರೂ ಅದೇ ಆಗುತ್ತಿತ್ತು. ಈಗ ನಾನಿರುವ ಕಡೆ ಎರಡೇ ಶಬ್ದ: ಚಾಲೂ, ಬಂದ್. ಕನ್ನಡ, ಕೊಂಕಣಿ, ಮರಾಠಿ, ಹಿಂದಿ, ಒಡಿಯಾ ಎಲ್ಲರಿಗೂ ಗೊತ್ತು, ಕೇರಳದವರೂ ಒಂದೇ ದಿನದಲ್ಲಿ ಕಲಿಯುತ್ತಾರೆ. 'ಬಿಡು' ಎಂಬ ಮಾತು ಕಂಪ್ರೆಸರ್ ರೂಮಿನಲ್ಲಿ ನಿಷಿದ್ಧ. ಯಾವುದಾದರೂ ಮಾತನ್ನು ನಿಷೇಧಿಸುವುದಾದರೆ ಅದನ್ನು ನಿಷೇಧಿಸಿ, ಹೆಂಗಸರ ಕೊಂಕಣಿಯನ್ನಲ್ಲ.

ತಾಂಡೇಲನ ಮಗ (ಮುದಗಾ)

ಇದನ್ನು ಓದಿ ಮೈ ಜುಮ್ಮೆಂದಿತು. ನನ್ನ ಮೊದಲಿನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೆನಪಾದದ್ದು ಇನ್ನೊಂದು: ಹಿಂದಿಯ 'ಕಲ್' ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ನಮ್ಮ ಕೊಂಕಣಿಯಲ್ಲಿ 'ಕಾಲ' ಅಂದರೆ ನಿನ್ನೆ ಮಾತ್ರ, ನಾಳೆಗೆ 'ಫಾಲ್ಯಾಂ'. ಐಸ್ ಲೋಡು 'ಕಲ್' ಅಂದದ್ದಕ್ಕೆ ಆಗಿಹೋಯಿತು ಅಂತ ತಿಳಿದು ಒಂದು ದಿನದ ಮೀನು ಹಾಳಾದದ್ದಿದೆ. ತಾರೀಖು ಅಂಕೆಯಲ್ಲಿ ಬರೆಯಿರಿ ಅಕ್ಕಾ.

ಅಂಕೋಲೆ ಅಕ್ಕೋರು

ಶಾಲೆಯಲ್ಲಿ ಕಲಿಸುವವಳು, ಸಂಜೆ ದೊಡ್ಡವರಿಗೂ ಓದು ಹೇಳಿಕೊಟ್ಟವಳು. ಮಾತು ಬೇರೆ, ಓದು ಬೇರೆ ಎಂಬುದನ್ನು ಮರೆಯಬೇಡಿ.

ನಿಮ್ಮ ಕೊಂಕಣಿ ಹೆಂಗಸರು ಕಲಿತದ್ದು ಕನ್ನಡ ಶಾಲೆಯಲ್ಲಿ. ಅವರಿಗೆ ಓದಲು ಬರುವುದು ಕನ್ನಡ ಅಕ್ಷರ. ಗೋವಾದಲ್ಲಿ 1987ರ ಕಾಯ್ದೆಯಂತೆ ಕೊಂಕಣಿಗೆ ದೇವನಾಗರಿ ಲಿಪಿ. ಅಲ್ಲಿ ಅಚ್ಚಾದ ಕೊಂಕಣಿ ಫಲಕ ತಂದು ಹಾಕಿದರೆ ಗಡಿಯ ಮಾಜಾಳಿಯ ಇತ್ತಲಿನ ಬಾಯಂದಿರಲ್ಲಿ ಎಷ್ಟೋ ಜನ ತಮ್ಮದೇ ಮಾತನ್ನು ಓದಲಾಗದೆ ನಿಲ್ಲುತ್ತಾರೆ. 1992ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿದ ಭಾಷೆ ಅದು, ಸಣ್ಣದೆಂದು ನೋಡಬೇಡಿ. ಆದರೆ ಇಲ್ಲಿ ಬರೆಯುವುದಿದ್ದರೆ ಕನ್ನಡ ಲಿಪಿಯಲ್ಲಿ ಬರೆಯಿರಿ.

ಕನ್ನಡವನ್ನೂ ಯಾವ ಕನ್ನಡದಲ್ಲಿ ಬರೆಯುತ್ತೀರಿ ನೋಡಿಕೊಳ್ಳಿ. "ಶೀತಲೀಕರಣ ಕೊಠಡಿಗೆ ಅನಧಿಕೃತ ಪ್ರವೇಶ ನಿಷೇಧಿಸಲಾಗಿದೆ" ಎಂದರೆ ನನ್ನ ಹಾಲಕ್ಕಿ ಅಜ್ಜಿಯರು ಯಾವ ಕೊಠಡಿ ಎಂದು ಕೇಳುತ್ತಾರೆ. "ಫ್ರೀಜರಿನ ಒಳಗೆ ಒಬ್ಬರೇ ಹೋಗಬೇಡಿ" ಎನ್ನಿ. ಬರೆದಾದ ಮೇಲೆ ಮೂವರು ಕೆಲಸಗಾರರಿಗೆ ಕೊಟ್ಟು ಜೋರಾಗಿ ಓದಿಸಿ, ಅವರದೇ ಮಾತಿನಲ್ಲಿ ತಿರುಗಿ ಹೇಳಿಸಿ. "ಗೊತ್ತಾಯ್ತಾ" ಎಂದು ಕೇಳಬೇಡಿ. ಎಲ್ಲರೂ ಹೌದು ಅನ್ನುತ್ತಾರೆ. ಇಪ್ಪತ್ತು ವರ್ಷದ ತರಗತಿಯಲ್ಲಿ ನಾನು ಕಂಡದ್ದು ಇದು.

ಒಡಿಶಾದ ಹುಡುಗರಲ್ಲಿ ಓದು ಬಾರದವರಿದ್ದರೆ ಒಡಿಯಾ ಫಲಕವೂ ಸಾಲದು. ಅವರ ಮುಕಾದಮನಿಂದ (ತಂಡದ ಮೇಸ್ತ್ರಿಯಿಂದ) ಮಾತನ್ನು ಧ್ವನಿಮುದ್ರಿಸಿಕೊಂಡು ಎಲ್ಲರ ಮೊಬೈಲಿಗೆ ಕಳಿಸಿ.

ಕುಮಟೆ ವಕೀಲ

ಕಾನೂನಿನ ಮಟ್ಟಿಗೆ ಚಿಕ್ಕದಾಗಿ. 1963ರ ಕರ್ನಾಟಕ ರಾಜಭಾಷಾ ಕಾಯ್ದೆ ರಾಜ್ಯ ಸರ್ಕಾರದ ವ್ಯವಹಾರದ್ದು. ಖಾಸಗಿ ಸಂಸ್ಥೆಯೊಳಗೆ ಯಾರು ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಹೊರಗಿನ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ. ಗೇಟಿನ ಬೋರ್ಡು ಈಗಲೇ ನೋಡಿಕೊಳ್ಳಿ.

ಒಳಗಿನ ನೋಟಿಸಿನ ವಿಷಯದಲ್ಲಿ ಹಳೆಯ ತತ್ವ ಒಂದಿದೆ. 2025ರವರೆಗೆ ಜಾರಿಯಲ್ಲಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಲ್ಲೂ 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮಿನಲ್ಲೂ ಇದ್ದದ್ದು ಒಂದೇ ಮಾತು: ಇಂಗ್ಲಿಷಿನಲ್ಲಿ, ಮತ್ತು ಕೆಲಸಗಾರರಲ್ಲಿ ಹೆಚ್ಚಿನವರಿಗೆ ಅರ್ಥವಾಗುವ ಭಾಷೆಯಲ್ಲಿ, ಬಾಗಿಲ ಹತ್ತಿರ ಹಾಕಬೇಕು. ಗಮನಿಸಿ, ಅಲ್ಲಿ ಅಳತೆಗೋಲು 'ಅರ್ಥವಾಗುವ' ಎಂಬುದು. ನಿಮ್ಮಲ್ಲಿ ಅದು ಕನ್ನಡ. ಆದರೆ ಅಮೋನಿಯ ಲೈನಿನ ಪಕ್ಕ ನಿಲ್ಲುವವರು ಆ ಹೆಚ್ಚಿನವರಲ್ಲಿ ಇಲ್ಲ, ಆದ್ದರಿಂದ ಕಾನೂನು ಕೇಳಿದಷ್ಟಕ್ಕೆ ನಿಲ್ಲಿಸಬೇಡಿ.

ಇನ್ನೊಂದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, 2013ರ ಕಾಯ್ದೆ. ಹೆಣ್ಣುಮಗಳಿಗೆ ಬರೆದುಕೊಡಲು ಆಗದಿದ್ದರೆ ಬರೆದುಕೊಳ್ಳಲು ಸಮಿತಿಯೇ ನೆರವಾಗಬೇಕು ಎಂದು ಅದರಲ್ಲೇ ಇದೆ. ಸಮಿತಿಯಲ್ಲಿ ಕೊಂಕಣಿ ಬರುವ ಹೆಣ್ಣುಮಗಳು ಒಬ್ಬಳಾದರೂ ಇರಲಿ. ಆ ದುಃಖವನ್ನು ಕಲಿತ ಭಾಷೆಯಲ್ಲಿ ಹೇಳುವುದು ಕಷ್ಟ.

ನೇಮಕದ ಪತ್ರ ಎರಡು ಭಾಷೆಯಲ್ಲಿ ಕೊಡುವುದಾದರೆ, ಅರ್ಥ ಬೇರೆಯಾದಾಗ ಯಾವ ಪ್ರತಿ ನಿಲ್ಲುತ್ತದೆ ಎಂದು ಬರೆಯಿರಿ. ಸಾಮಾನ್ಯವಾಗಿ ಇಂಗ್ಲಿಷ್ ಎಂದು ಬರೆಯುತ್ತಾರೆ.

ನಿವೃತ್ತ ಗುಮಾಸ್ತ (ಕಾರವಾರ)

ವಕೀಲರೆ, ಆ ಕೊನೆಯ ಮಾತು ನನಗೆ ಒಪ್ಪಿಗೆಯಿಲ್ಲ. ಓದಲು ಬಾರದ ಪ್ರತಿ ನಿಲ್ಲುತ್ತದೆ ಎಂದರೆ ಓದಿ ಸಹಿ ಹಾಕಿದ ಪ್ರತಿಗೆ ಬೆಲೆ ಏನು? ಕೆಲಸಗಾರನ ಕೈಗೆ ಕೊಟ್ಟದ್ದೇ ನಿಲ್ಲಬೇಕು.

ಕುಮಟೆ ವಕೀಲ

ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ ಎಂದೆ, ಬರೆಯಬೇಕು ಎನ್ನಲಿಲ್ಲ. ನಿಮ್ಮ ಮಾತು ನ್ಯಾಯದ್ದು. ಹಾಗೆ ಬರೆದರೆ ಮಾಲೀಕರು ಕನ್ನಡ ಪ್ರತಿಯನ್ನು ಇನ್ನೂ ಎಚ್ಚರದಿಂದ ಮಾಡಿಸುತ್ತಾರೆ.

ಕನ್ನಡ ಮೊದಲು (ಹೊನ್ನಾವರ)

ಫಿಟ್ಟರ್ ಅಣ್ಣನ ಅನುಭವ ಓದಿದ ಮೇಲೆ ನಾನು ಹಟ ಮಾಡುವುದಿಲ್ಲ, ಜೀವದ ಪ್ರಶ್ನೆಯಲ್ಲಿ ಯಾವ ಭಾಷೆಯೂ ಆಗಬಹುದು. ಆದರೆ ನನ್ನ ಆತಂಕವನ್ನೂ ಕೇಳಿ. ಎಲ್ಲರಿಗೂ ಅವರವರ ಭಾಷೆಯಲ್ಲಿ ಎಲ್ಲವೂ ಸಿಕ್ಕರೆ ಹತ್ತು ವರ್ಷ ಇಲ್ಲಿದ್ದವನಿಗೂ ಕನ್ನಡ ಬರುವುದಿಲ್ಲ. ನಮ್ಮ ಪೇಟೆಯಲ್ಲೇ ನೋಡುತ್ತಿದ್ದೇನೆ. ಬಿಲ್ಲು, ಬ್ಯಾಂಕಿನ ಚಲನು, ಒಂದೊಂದರಿಂದಲೂ ಕನ್ನಡ ಹಿಂದೆ ಸರಿಯುತ್ತಿದೆ. ಇದನ್ನು ದ್ವೇಷದಿಂದ ಹೇಳುತ್ತಿಲ್ಲ, ನೋವಿನಿಂದ ಹೇಳುತ್ತಿದ್ದೇನೆ.

ಕಾಳಿ ಅಳಿವೆ (ಕಾರವಾರ)

ಅಣ್ಣಾ, ಆ ನೋವು ನನಗೂ ಇದೆ. ಅದಕ್ಕೇ ಕಲಿಸೋಣ. ವಾರಕ್ಕೆ ಎರಡು ಗಂಟೆ, ಸಂಬಳದ ವೇಳೆಯೊಳಗೇ. ಎಂಟು ತಾಸು ಮೈನಸ್ 18ರ ಕೋಲ್ಡ್ ಸ್ಟೋರೇಜಿಗೆ ಪೆಟ್ಟಿಗೆ ಹೊತ್ತವನಿಗೆ ರಾತ್ರಿ ಪುಸ್ತಕ ಹಿಡಿ ಎಂದರೆ ಅದು ಶಿಕ್ಷೆ. ಅಕ್ಕೋರೆ, ನೀವು ಬರಬಹುದೇ? ಗೌರವಧನ ಕೊಡಿಸುತ್ತೇನೆ.

ಇನ್ನೊಂದು ಸಂಗತಿ ನೀವೆಲ್ಲ ಬರೆದದ್ದನ್ನು ಓದುವಾಗ ಹೊಳೆಯಿತು. ನಮ್ಮಲ್ಲಿ ಸುಲಿಯುವ ವಿಭಾಗದಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಕೊಂಕಣಿ, ಕನ್ನಡ, ಹಿಂದಿ ಮೂರೂ ಬರುತ್ತದೆ. ಯಾರಿಗೆ ಏನು ತಿಳಿಯದಿದ್ದರೂ ಅವಳನ್ನು ಕರೆಯುತ್ತೇವೆ. ಅವಳಿಗೆ ಕೂಲಿ ಸುಲಿದ ಶೆಟ್ಲಿಯ ತೂಕದ ಮೇಲೆ. ನಾವು ಕರೆದಷ್ಟು ಸಲ ಅವಳ ತಟ್ಟೆ ಖಾಲಿ ಉಳಿಯುತ್ತದೆ. ಇಷ್ಟು ದಿನ ಭಾಷೆಯ ಖರ್ಚನ್ನು ಪ್ಲಾಂಟು ಕೊಟ್ಟಿಲ್ಲ, ಅವಳು ಕೊಟ್ಟಿದ್ದಾಳೆ. ಇದನ್ನು ಮೊನ್ನೆ ಸಾಹುಕಾರರ ಎದುರು ಲೆಕ್ಕ ಹಾಕಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಿಂಗಳ ಭತ್ಯೆ ಎಷ್ಟು ಇಡಬೇಕು ಅಂತ ಕೇಳಿದರು.

ತೋಟಪಟ್ಟಿ (ಶಿರಸಿ)

ಇದೇ ಮಾತು ನನ್ನ ಬಾಯಲ್ಲಿತ್ತು, ನೀವು ಹೇಳಿದಿರಿ. ಭತ್ಯೆಯನ್ನು ನಿಯಮದಲ್ಲೇ ಬರೆಯಿರಿ, ಮಾತಿನಲ್ಲಿ ಉಳಿಸಬೇಡಿ. ಸೂಪರ್‌ವೈಸರರ ದೂರು ಏನಾಯಿತು?

ಕಾಳಿ ಅಳಿವೆ (ಕಾರವಾರ)

ಕೂರಿಸಿ ಮಾತಾಡಿದೆವು. ಹೆಂಗಸರು ಆಡಿಕೊಂಡದ್ದು ಅವರನ್ನಲ್ಲ, ಸುಲಿಯುವ ಮೇಜಿನ ಎತ್ತರವನ್ನು. ಬೆನ್ನು ನೋವು ಅಂತ. ಸೂಪರ್‌ವೈಸರಿಗೆ ಕೊಂಕಣಿ ಬಂದಿದ್ದರೆ ಮೇಜು ಎಂದೋ ಸರಿಯಾಗುತ್ತಿತ್ತು. ಈಗ ಅವರೇ ದಿನಕ್ಕೆ ಐದು ಶಬ್ದ ಬರೆದುಕೊಳ್ಳುತ್ತಿದ್ದಾರೆ. ಮೇಜಿನ ಕಾಲಿಗೆ ಮರದ ತುಂಡು ಕೊಟ್ಟು ಎತ್ತರ ಮಾಡಿಸಿದರು.

ಒಪ್ಪಿಗೆಯಾದ ಕರಡು ಹಾಕುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ:

"ನಮ್ಮ ಪ್ಲಾಂಟಿನ ಕಾಗದದ ಭಾಷೆ ಕನ್ನಡ. ಹೊರದೇಶಕ್ಕೆ ಹೋಗುವ ಕಾಗದ ಮತ್ತು ತಾಪಮಾನದ ಪುಸ್ತಕ ಇಂಗ್ಲಿಷಿನಲ್ಲಿ, ತಾರೀಖು ಮತ್ತು ಹೊತ್ತು ಅಂಕೆಯಲ್ಲಿ. ಯಾರು ಯಾರ ಜೊತೆ ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡಬಹುದು. ಕೆಲಸ ಹೇಳುವಾಗ ಎದುರಿಗಿದ್ದವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು, ಅವರಿಂದ ತಿರುಗಿ ಹೇಳಿಸಬೇಕು. ಯಂತ್ರದ ಹತ್ತಿರ 'ಚಾಲೂ', 'ಬಂದ್' ಎರಡೇ ಶಬ್ದ. ದೂರು ಯಾವ ಭಾಷೆಯಲ್ಲಿ ಬಂದರೂ ತೆಗೆದುಕೊಳ್ಳುತ್ತೇವೆ, ಬರೆಯಲು ಬಾರದಿದ್ದರೆ ನಾವು ಬರೆದುಕೊಳ್ಳುತ್ತೇವೆ. ಮಾತು ದಾಟಿಸುವ ಕೆಲಸಕ್ಕೆ ತಿಂಗಳ ಭತ್ಯೆ ಇದೆ. ನೇಮಕದ ಪತ್ರದಲ್ಲಿ ಅರ್ಥ ಬೇರೆಯಾದರೆ ಕೆಲಸಗಾರರ ಕೈಯಲ್ಲಿರುವ ಪ್ರತಿಯೇ ನಿಲ್ಲುತ್ತದೆ."

ಕನ್ನಡ ಮೊದಲು (ಹೊನ್ನಾವರ)

ಮೊದಲ ಸಾಲು ನೋಡಿ ಸಂತೋಷವಾಯಿತು. ತಾಪಮಾನದ ಪುಸ್ತಕದಲ್ಲಿ ಮೇಲಿನ ಕಾಲಮುಗಳ ಹೆಸರನ್ನಾದರೂ ಎರಡೂ ಭಾಷೆಯಲ್ಲಿ ಅಚ್ಚು ಹಾಕಿಸಿ. ಕನ್ನಡ ತರಗತಿಗೆ ಪುಸ್ತಕ ಬೇಕಾದರೆ ನಾನು ಹೊನ್ನಾವರದಿಂದ ಕಳಿಸುತ್ತೇನೆ.

ಐಸ್ ಪ್ಲಾಂಟ್ ಫಿಟ್ಟರ್ (ಅಂಕೋಲೆ)

ಒಂದು ಸೇರಿಸಿ. ವಾಸನೆ ಬಂದರೆ ಯಾವ ಕಡೆ ಓಡಬೇಕು? ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಹೊರಬಿದ್ದು, ಆಮೇಲೆ ಗಾಳಿ ಬರುವ ಕಡೆಗೆ. ಇದನ್ನು ಯಾವ ಭಾಷೆಯಲ್ಲಿ ಬರೆದರೂ ಆ ಹೊತ್ತಿಗೆ ಯಾರೂ ಓದುವುದಿಲ್ಲ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲವನ್ನು ಎಲ್ಲ ಕಡೆಯಿಂದ ಕಾಣುವ ಹಾಗೆ ಕಟ್ಟಿ, ಎಲ್ಲರನ್ನೂ ಒಮ್ಮೆ ಓಡಿಸಿ ನೋಡಿ. ಕಣ್ಣಿಗೆ ಬಿದ್ದರೆ ಕಡಿಮೆಯೆಂದರೂ 15 ನಿಮಿಷ ನೀರು, ನಲ್ಲಿ ಎಲ್ಲಿದೆ ಎಂದು ಕೈಹಿಡಿದು ತೋರಿಸಿ.

ಅಂಕೋಲೆ ಅಕ್ಕೋರು

ಶನಿವಾರ ಬರುತ್ತೇನೆ ತಂಗಿ. ಮೊದಲ ಪಾಠಕ್ಕೆ ಪುಸ್ತಕ ಬೇಡ, ನಿಮ್ಮ ಪ್ಲಾಂಟಿನ ಬಾಗಿಲು, ನಲ್ಲಿ, ವಾಲ್ವುಗಳ ಹೆಸರೇ ಸಾಕು. ಮುಕಾದಮನ ಒಡಿಯಾ ಮಾತು ಧ್ವನಿಮುದ್ರಿಸಿ ಆಯಿತೇ?

ಕಾಳಿ ಅಳಿವೆ (ಕಾರವಾರ)

ಆಯಿತು ಅಕ್ಕೋರೆ. ಎರಡು ಸಲ ಹೇಳಿಸಿದೆ, ಮೊದಲನೆಯದರಲ್ಲಿ ಹಿಂದೆ ಮಳೆಯ ಸದ್ದು ಜೋರಾಗಿತ್ತು. ಜುಲೈ 30ಕ್ಕೆ ಸಂಜೆ 4 ಗಂಟೆಗೆ ಸೈರನ್ ಹಾಕಿ ಎಲ್ಲರನ್ನೂ ಹೊರಗೆ ಕರೆದೊಯ್ದು ನೋಡುತ್ತೇವೆ. ಗಾಳಿಚೀಲ ಬಂದಿದೆ. ಕಂಬ ಗೇಟಿನ ಹತ್ತಿರದ ತೆಂಗಿನ ಮರಕ್ಕಿಂತ ಎತ್ತರ ಇರಬೇಕು ಅಂತ ಒಡಿಶಾದ ಹುಡುಗರೇ ಅಳತೆ ತೆಗೆಯುತ್ತಿದ್ದಾರೆ.